ಹುಣಸೆ ಬೀಜದ ಬಣ್ಣ

"ಇದಕ್ಕೆ ಜೀವ ಇಲ್ಲ," ಎಂದು ಡಬ್ಬವನ್ನು ಮೇಜಿನ ಮೇಲಿಟ್ಟಳು ಅವಳು.

ಗಂಗಾಧರ್ ತಲೆ ಎತ್ತಿದ. ಹಿರೇಹಳ್ಳಿಯ ಆ ಸಣ್ಣ ಪೇಂಟ್ ಫ್ಯಾಕ್ಟರಿಯಲ್ಲಿ ಬಣ್ಣ ಕೂಡಿಸುವ ಶೇಡ್ ರೂಮಿಗೆ ಹೊರಗಿನವರು ಬರುವುದೇ ಅಪರೂಪ. ಬಂದರೆ ಅಂಗಡಿಯವರು ಬರುತ್ತಿದ್ದರು, ನಿಂತಲ್ಲೇ ಮಾತು ಮುಗಿಸಿ ಹೋಗುತ್ತಿದ್ದರು. ಈಕೆ ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು, ಉಗುರಿನ ಸಂದಿಯಲ್ಲಿ ಒಂದಿಷ್ಟು ನೀಲಿ ಉಳಿಸಿಕೊಂಡು, ಬಿಸಿಲಲ್ಲಿ ನಡೆದು ಬಂದ ಉಸಿರನ್ನು ಸರಿಮಾಡಿಕೊಳ್ಳುತ್ತ ನಿಂತಿದ್ದಳು.

"ಯಾವುದಕ್ಕೆ ಮೇಡಂ?"

"ನೀವು ಮಾಡಿಕೊಟ್ಟಿರೋ ಬಣ್ಣಕ್ಕೆ. ತುಮಕೂರಿನ ಅಂಗಡಿಯವರ ಕೈಲಿ ಸ್ಯಾಂಪಲ್ ಕಳ್ಸಿದ್ದೆ. ಹುಣಸೆ ಬೀಜ."

ಅವನಿಗೆ ತಕ್ಷಣ ನೆನಪಾಯಿತು. ಮರೆಯುವಂಥದ್ದಾಗಿರಲಿಲ್ಲ ಅದು. ಜನ ಬಟ್ಟೆಯ ತುಂಡು ಕಳಿಸುತ್ತಾರೆ, ಟೈಲ್ಸ್ ಚೂರು ಕಳಿಸುತ್ತಾರೆ, ಒಬ್ಬರಂತೂ ಕಾರಿನ ಬಾಗಿಲನ್ನೇ ಕಳಚಿ ಕಳಿಸಿದ್ದರು. ಪೇಪರಿನಲ್ಲಿ ಸುತ್ತಿದ ಹುಣಸೆ ಬೀಜ ಬಂದದ್ದು ಅದೇ ಮೊದಲು. ಜೊತೆಯವರೆಲ್ಲ ನಕ್ಕಿದ್ದರು. ಗಂಗಾಧರ್ ಮಾತ್ರ ಶ್ರದ್ಧೆಯಿಂದ ಕೂತು ಬಣ್ಣ ಕೂಡಿಸಿದ್ದ.

"ಬಣ್ಣ ಅಳೆಯೋ ಮೀಟರ್‌ನಲ್ಲಿ ಚೆಕ್ ಮಾಡೇ ಕಳ್ಸಿದ್ದು ಮೇಡಂ. ಬೀಜಕ್ಕೂ ಇದಕ್ಕೂ ಒಂಚೂರೂ ವ್ಯತ್ಯಾಸ ಇಲ್ಲ."

"ನಿಮ್ಮ ಮೀಟರ್ ಯಾವತ್ತಾದ್ರೂ ಹುಣಸೆ ಬೀಜ ಇಟ್ಕೊಂಡು ಚೌಕಾಬಾರ ಆಡಿದೆಯಾ?"

ಅವನಿಗೆ ನಗು ಬಂತು, ತಡೆದುಕೊಂಡ. ಅವಳು ತಡೆದುಕೊಳ್ಳಲಿಲ್ಲ. ತುಟಿಯ ಒಂದೇ ಬದಿಯಲ್ಲಿ ನಗು ಕಾಣಿಸಿಕೊಂಡು, ಅಲ್ಲೇ ನಿಂತು, ಅವನೇನು ಹೇಳುತ್ತಾನೋ ನೋಡೋಣ ಎಂಬಂತೆ ಕಾಯಿತು.

"ಬನ್ನಿ ಹೊರಗೆ," ಎಂದಳು.

ಫ್ಯಾಕ್ಟರಿಯ ಗೇಟಿನ ಪಕ್ಕ ಹೊಂಗೆ ಮರ. ಅದರ ನೆರಳು ಮುಗಿದು ಬಿಸಿಲು ಶುರುವಾಗುವ ಕಡೆ ನಿಂತು, ಚೀಲದಿಂದ ಇನ್ನೊಂದು ಬೀಜ ತೆಗೆದು ಅಂಗೈಗೆ ತಿಕ್ಕಿದಳು. ಬೀಜ ಹೊಳೆಯಿತು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು.

"ಒಳಗೆ ಕೆಂಪಿದೆ, ನೋಡಿ. ಒಲೆ ಆರಿದ ಮೇಲೂ ಬೂದಿ ಕೆಳಗೆ ಕೆಂಡ ಇರತ್ತಲ್ಲ, ಹಂಗೆ. ನೀವು ಮೇಲಿನ ಕಂದು ಮಾತ್ರ ಹಿಡಿದಿದೀರ."

ಗಂಗಾಧರ್ ನೋಡಿದ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು ಅವನು. ಹಾಗಿದ್ದೂ ಆ ಕೆಂಪನ್ನು ಈಗಷ್ಟೇ ಯಾರೋ ಒಳಗೆ ಹಚ್ಚಿಟ್ಟಂತೆ ಕಂಡಿತು.

ಒಳಗೆ ಬಂದು ಹೊಸದಾಗಿ ಕೂಡಿಸತೊಡಗಿದ. ರೆಡ್ ಆಕ್ಸೈಡ್ ಒಂದಿಷ್ಟು, ಹಳದಿ ಅದಕ್ಕಿಂತ ಕಡಿಮೆ. ಅವಳು ಪಕ್ಕದಲ್ಲೇ ನಿಂತು, ಪ್ರತಿ ಸಲವೂ ಕಡ್ಡಿ ಅದ್ದಿ, ಶೇಡ್ ಕಾರ್ಡನ್ನು ಬಿಟ್ಟು ತನ್ನ ಮುಂಗೈಯ ಮೇಲೆ ಎಳೆದುಕೊಂಡು ನೋಡುತ್ತಿದ್ದಳು.

"ಕಾರ್ಡ್ ಮೇಲೆ ನೋಡಿ ಮೇಡಂ, ಕೈಗೆ ಯಾಕೆ?"

"ಕಾರ್ಡ್ ಬೆಳ್ಳಗಿರತ್ತೆ. ಬೆಳ್ಳಗಿರೋದರ ಪಕ್ಕ ಇಟ್ರೆ ಯಾವ ಕಂದು ಬಣ್ಣಾನೂ ತಪ್ಪು ಮಾಡಿದೋರ ತರ ನಿಂತ್ಕೊಳತ್ತೆ."

ಇಂಥ ಮಾತನ್ನು ಅವನು ಎಲ್ಲಿಯೂ ಕೇಳಿರಲಿಲ್ಲ. ಕೈ ಅದರಷ್ಟಕ್ಕೆ ಕಲಕುತ್ತಿತ್ತು, ಕಣ್ಣು ಅವಳ ಮುಂಗೈಯ ಮೇಲಿತ್ತು. ಕೊನೆಯ ಗೆರೆ ಎಳೆದಾಗ ಬಣ್ಣ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. ಅವನು ನೋಡಿದ್ದನ್ನು ಅವಳು ನೋಡಿದಳು. ಸರಕ್ಕನೆ ಒರೆಸಿಕೊಂಡಳು.

"ಇದೇ," ಎಂದಳು ಮೆಲ್ಲಗೆ.

"ಯಾವುದಕ್ಕೆ ಮೇಡಂ ಈ ಬಣ್ಣ?"

"ಗುಬ್ಬೀಲಿ ಒಂದು ನಾಟಕದ ಕಂಪನಿಗೆ ಪರದೆ ಬರೀತಿದೀನಿ. ಆ ಕಡೆ ಬಂದ್ರೆ ನೋಡಿ."

ಅದು ಹೊರಡುವಾಗ ಎಲ್ಲರೂ ಆಡುವ ಉಪಚಾರದ ಮಾತು. ಗಂಗಾಧರ್ ಅದನ್ನು ಆಮಂತ್ರಣವೆಂದೇ ತೆಗೆದುಕೊಂಡ. ಬಿಲ್ಲಿನ ಮೇಲೆ ಹೆಸರು ನೋಡಿದ: ಹೇಮಶ್ರೀ, ಕುಣಿಗಲ್.

*

ಪ್ರತಿ ಭಾನುವಾರ ಅವನು ತುಮಕೂರಿನ ರೂಮಿನಿಂದ ಬೈಕಿನಲ್ಲಿ ಕಡಬಕ್ಕೆ ಹೋಗುತ್ತಿದ್ದ. ಅಲ್ಲಿ ಅಮ್ಮ ಪುಟ್ಟತಾಯಮ್ಮ, ಅಣ್ಣ ಅತ್ತಿಗೆ, ಮಕ್ಕಳು, ತೆಂಗಿನ ತೋಟ ಎಲ್ಲ ಒಟ್ಟಿಗಿದ್ದವು. ಒಂದು ಕಾಲಕ್ಕೆ ಭಾನುವಾರವೆಂದರೆ ಅವನ ಮದುವೆಯ ಮಾತು. ಪ್ರತಿ ಸಲವೂ ಅವನು ಆಮೇಲೆ ನೋಡೋಣ ಎನ್ನುತ್ತಿದ್ದ. ಈಗ ಕೇಳುವವರೇ ಕಡಿಮೆಯಾಗಿದ್ದರು.

ಗುಬ್ಬಿ ದಾರಿಯಲ್ಲೇ ಸಿಗುವ ಊರು. ಅಷ್ಟು ವರ್ಷ ಅದು ಅವನ ಪಾಲಿಗೆ ಬೈಕು ನಿಧಾನ ಮಾಡಬೇಕಾದ ಜಾಗವಾಗಿತ್ತು, ಅಷ್ಟೇ. ಆ ಭಾನುವಾರ ಬೈಕು ನಿಂತಿತು.

ನಾಟಕ ಕಂಪನಿಯ ಹಾಲ್ ಪೇಟೆಯ ಹಿಂದಿತ್ತು. ಎತ್ತರದ ಹೆಂಚಿನ ಮಾಡು. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತ. ಎದುರಿನ ಗೋಡೆಯುದ್ದಕ್ಕೂ ಪರದೆ ಇಳಿಬಿದ್ದಿತ್ತು. ಅದರೊಳಗೆ ಬೆಳಗಿನ ಜಾವದ ಕೆರೆ, ಕೆರೆಯಾಚೆ ತೆಂಗಿನ ಸಾಲು, ಮುಂದೆ ಒಂದು ಮನೆಯ ಹೊಸ್ತಿಲು. ಹೊಸ್ತಿಲಲ್ಲಿ ದೀಪ ಹಿಡಿದು ಬಂದವರನ್ನು ಒಳಗೆ ಕರೆಯುವ ಹೆಣ್ಣು. ಅವಳ ಮುಖ, ಕೈ ಇನ್ನೂ ಇದ್ದಿಲಿನ ಗೆರೆಯಲ್ಲಿದ್ದವು. ಆದರೆ ದೀಪದ ಬೆಳಕು ಆಗಲೇ ಬಂದಿತ್ತು. ಅದು ಬಿದ್ದ ಕಡೆಯೆಲ್ಲ ನೆಲ ಬೆಚ್ಚಗಿದ್ದಂತೆ ತೋರುತ್ತಿತ್ತು.

ಏಣಿಯ ಮೇಲಿದ್ದ ಹೇಮಶ್ರೀ ತಿರುಗಿ ನೋಡಿ, "ಮೀಟರ್ ತಂದಿದೀರಾ?" ಎಂದಳು.

"ಇಲ್ಲ. ಫ್ಯಾಕ್ಟರೀಲೇ ಬಿಟ್ಟು ಬಂದೆ."

"ಹಂಗಾದ್ರೆ ಒಳಗೆ ಬನ್ನಿ."

ಅವಳು ಕೆಲಸ ಮಾಡುವುದನ್ನು ನೋಡುತ್ತ ಕೂತ ಅವನಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಬಣ್ಣ ತೆಗೆಯುವ ಮುಂಚೆ ಡಬ್ಬದ ಮುಚ್ಚಳ ತೆರೆದು ಸುಮ್ಮನೆ ಒಂದು ಗಳಿಗೆ ನೋಡುತ್ತಿದ್ದಳು, ಬಂದವರ ಯೋಗಕ್ಷೇಮ ವಿಚಾರಿಸುವ ಹಾಗೆ. ಬ್ರಶ್ಶಿಗಿಂತ ಮೊದಲು ಬೆರಳು ಅದ್ದುತ್ತಿದ್ದಳು. ಹಚ್ಚಿದ ಮೇಲೆ ದೂರ ಹೋಗಿ, ತಲೆ ವಾರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಸರಿ ಬಂದಿದ್ದರೆ ಗಂಟಲಲ್ಲೇ ಒಂದು ಸಣ್ಣ 'ಹ್ಞೂಂ' ಹೊರಡುತ್ತಿತ್ತು. ಆ 'ಹ್ಞೂಂ' ಕೇಳಲು ಅವನು ಮುಂದಿನ ಭಾನುವಾರವೂ ಬಂದ. ಅದರ ಮುಂದಿನ ಭಾನುವಾರವೂ.

ಅವಳ ಬಣ್ಣಗಳೆಲ್ಲ ಅವಳಿಗೆ ನೆಂಟರು.

"ಹಳದಿ ನಮ್ಮ ಸೋದರತ್ತೆ ತರ," ಎಂದಳು ಒಮ್ಮೆ, ಇಬ್ಬರೂ ಹಾಲಿನ ಮೆಟ್ಟಿಲ ಮೇಲೆ ಕೂತು ಅವನು ಕ್ಯಾತ್ಸಂದ್ರದಿಂದ ಕಟ್ಟಿಸಿ ತಂದಿದ್ದ ತಟ್ಟೆ ಇಡ್ಲಿ ತಿನ್ನುವಾಗ. "ಕರೀದೇ ಇದ್ರೂ ಬರ್ತಾಳೆ, ಬಂದ್ರೆ ಮನೆ ತುಂಬ ಅವಳದ್ದೇ ಮಾತು. ನೀಲಿ ದೂರದ ನೆಂಟರು. ಮರ್ಯಾದೆ ಕೊಟ್ಟು ಕೂರಿಸಬೇಕು, ಆತುರ ಮಾಡಿದ್ರೆ ಎದ್ದು ಹೋಗ್ತಾರೆ."

"ಹಸಿರು?"

"ಅಕ್ಕಪಕ್ಕದ ಮನೆಯೋರು. ಯಾವಾಗ್ಲೂ ಇರ್ತಾರೆ ಅಂತ ನಾವು ಸರಿಯಾಗಿ ನೋಡೇ ಇರಲ್ಲ."

"ಕಪ್ಪು ಡಬ್ಬ ಎಲ್ಲೂ ಕಾಣ್ಲಿಲ್ವಲ್ಲ?"

"ಕೊಂಡ್ಕೊಳಲ್ಲ. ಅಂಗಡಿ ಕಪ್ಪಲ್ಲಿ ಬರೀ ಕಪ್ಪಿರತ್ತೆ, ಬೇರೆ ಯಾರೂ ಇರಲ್ಲ. ನಾನೇ ಮಾಡ್ಕೊಂಡ್ರೆ ಅದರೊಳಗೆ ನೀಲಿ ಇರತ್ತೆ, ಕೆಂಪಿರತ್ತೆ, ಒಂಚೂರು ಹಸಿರಿರತ್ತೆ. ಒಬ್ಬೊಬ್ರೇ ಬೆಳಕಿಗೆ ಬಂದು ಮುಖ ತೋರಿಸ್ತಾರೆ."

"ಕಂದು ಯಾರು ನಿಮಗೆ?"

ಅವಳು ಚಟ್ನಿಯ ಕಡೆ ನೋಡಿದಳು. "ಚಟ್ನಿಗೆ ಖಾರ ಜಾಸ್ತಿ ಹಾಕವ್ರೆ," ಎಂದು ಎದ್ದು ಕೈ ತೊಳೆಯಲು ಹೋದಳು.

ತುಮಕೂರಿಗೆ ಹಿಂದಿರುಗುವ ರಸ್ತೆ ಆ ಸಂಜೆ ಅವನಿಗೆ ಬೇರೆಯಾಗಿ ಕಂಡಿತು. ಮಾಗುತ್ತಿದ್ದ ರಾಗಿ ಹೊಲದಲ್ಲಿ ಎಷ್ಟೊಂದು ಬಗೆಯ ಕೆಂಪುಗಳಿದ್ದವು. ಒಣಗಿ ಜೋತುಬಿದ್ದ ತೆಂಗಿನ ಗರಿ ಬರೀ ಒಣಗರಿಯಾಗಿರಲಿಲ್ಲ. ನಂಬರಿನಲ್ಲಿ ಬಣ್ಣವನ್ನು ತಿಳಿದವನಿಗೆ ಯಾರೋ ಅವುಗಳ ಹೆಸರು ಹೇಳಿ ಪರಿಚಯ ಮಾಡಿಸಿಕೊಟ್ಟಂತಾಗಿತ್ತು.

*

ಪರದೆಯ ಹೆಣ್ಣಿಗೆ ಮುಖ ಬಂದ ದಿನ ಅವನು ಬಾಗಿಲಿಂದ ನೇರ ಪರದೆಯ ಹತ್ತಿರಕ್ಕೇ ಹೋದ.

ಹುಣಸೆ ಬೀಜದ ಆ ಕಂದು, ದೀಪದ ಬೆಳಕು ತಾಗಿದ ಕೆನ್ನೆಯಲ್ಲಿ ಕೆಂಪಾಗಿ, ಕತ್ತಿನ ಕಡೆ ಆಳವಾಗಿ, ಮೂಗಿನ ತುದಿಯಲ್ಲಿ ಒಂದು ಚುಕ್ಕೆ ಹೊಳಪಾಗಿ ನಿಂತಿತ್ತು. ಕೆರೆಯ ನೀಲಿಯ ಮುಂದೆ ಆ ಮುಖ ಹೇಗೆ ಎದ್ದು ಬಂದಿತ್ತೆಂದರೆ, ಇನ್ನೊಂದು ಬಣ್ಣ ಅಲ್ಲಿ ಇರಬಹುದಿತ್ತು ಎಂಬ ಯೋಚನೆಯೇ ಬರುವಂತಿರಲಿಲ್ಲ.

"ಹೇಳಿ," ಎಂದಳು ಹೇಮಶ್ರೀ. ಅವಳ ದನಿಯಲ್ಲಿ ಸಣ್ಣ ಅಂಜಿಕೆ ಇತ್ತು. ಅದನ್ನು ಅವನು ಮೊದಲ ಸಲ ಕೇಳಿದ್ದು.

"ಕರೀತಿದಾಳೆ ಅನ್ಸತ್ತೆ. ಒಳಗೆ ಹೋಗ್ಬೇಕು ಅನ್ಸತ್ತೆ."

ಅವಳು ಕಣ್ಣೆತ್ತಿ ಅವನನ್ನು ನೋಡಿದಳು. ಕೆಲಸದ ನಡುವೆ ಬಣ್ಣದ ಡಬ್ಬವನ್ನು ನೋಡುತ್ತಿದ್ದಳಲ್ಲ, ಅದೇ ನೋಟ. ಅವಸರವಿಲ್ಲದ, ಒಳಗೇನಿದೆ ಎಂದು ತಿಳಿಯುವ ನೋಟ. ಅವನಿಗೆ ಕಿವಿ ಬಿಸಿಯಾಯಿತು.

ಅವನು ಹೊರಡುವಾಗ ಕಂಪನಿಯ ಯಜಮಾನರು ರೇವಣಸಿದ್ದಯ್ಯ ಗೇಟಿನ ಹತ್ತಿರ ಕಾದಿದ್ದರು. ಹಳೆಯ ನಟರು, ಹರೆಯದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದವರು. ಈಗಲೂ ಕೈ ತಿರುಗಿಸಿದರೆ ಅದರಲ್ಲೊಂದು ಲಾಲಿತ್ಯ.

"ಹುಡುಗಿ ಕೆಲಸ ಬಂಗಾರದಂಥದ್ದಪ್ಪ," ಎಂದರು. "ಆದ್ರೆ ಮುಂಪರದೆ ಮೇಲಿನ ಹೆಣ್ಣು ಅಂದ್ರೆ ಜನ ಲಕ್ಷ್ಮಿ ತರ ಇರ್ಲಿ ಅಂತಾರೆ. ನಾಟಕ ಆಡಿಸೋ ಕಮಿಟಿಯವರು ಗೊಣಗ್ತಾ ಇದಾರೆ, ಕಪ್ಪಾಯ್ತು, ಪರದೇನೇ ಬೇಡ ಅಂತ. ಕೊನೇ ಕೋಟ್ ಬಳಿಯೋಕೆ ಬಣ್ಣ ಕೊಡೋರು ನೀವಲ್ಲವಾ? ಸ್ವಲ್ಪ ತಿಳಿ ಮಾಡಿಕೊಟ್ರೆ ಯಾರಿಗೂ ನೋವಾಗಲ್ಲ. ನಾನು ಬಾಯಿಬಿಟ್ಟು ಹೇಳಿದ್ರೆ ಆ ತಾಯಿ ಬೇಜಾರು ಮಾಡ್ಕೋತಾಳೆ."

ಗಂಗಾಧರನಿಗೆ ಆ ವಾರವಿಡೀ ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಅಷ್ಟು ದಿನ ಕತ್ತು ನೋಯಿಸಿಕೊಂಡು ಬರೆದ ಪರದೆಯನ್ನು ಸುತ್ತಿ ಮೂಲೆಗಿಟ್ಟು, ಬೇರೆ ಯಾರಿಗೋ ಕೆಲಸ ಕೊಟ್ಟುಬಿಟ್ಟರೆ? ಶನಿವಾರ ಅವನು ಕಂದು ಬಣ್ಣ ಕೂಡಿಸಿದ. ಕೊನೆಯಲ್ಲಿ ಒಂದಿಷ್ಟು ಬಿಳಿ ಬೆರೆಸಿದ. ಸ್ವಲ್ಪವೇ ಸ್ವಲ್ಪ. ಅವಳ ಒಳ್ಳೆಯದಕ್ಕೇ ಎಂದುಕೊಂಡ.

ಭಾನುವಾರ ಹೇಮಶ್ರೀ ಮುಚ್ಚಳ ತೆರೆದು ನೋಡಿದಳು. ಎಂದಿನಂತೆ ಯೋಗಕ್ಷೇಮ ವಿಚಾರಿಸುವ ನೋಟವೇ. ಆದರೆ ಹುಬ್ಬು ಗಂಟಾಯಿತು. ಬೆರಳದ್ದಿ ಮುಂಗೈ ಮೇಲೆ ಎಳೆದಳು. ಬಣ್ಣ ಕೈಯಿಂದ ಬೇರೆಯಾಗಿ, ಒಣಗಿದ ಕೆಸರಿನ ಹಾಗೆ ನಿಂತಿತು.

"ಇದಕ್ಕೆ ಬಿಳಿ ಯಾರು ಹಾಕಿದ್ರು?"

ಮಿಕ್ಸಿಂಗ್ ತಪ್ಪಾಗಿದೆ ಎಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. "ನಾನೇ," ಎಂದ.

"ಯಾಕೆ?"

"ಕಮಿಟಿಯವರು ಪರದೆ ಬೇಡ ಅಂದ್ಬಿಟ್ರೆ ಅಂತ ಭಯ ಆಯ್ತು. ರೇವಣಸಿದ್ದಯ್ಯನವರು ಹೇಳಿದ್ರು. ಸ್ವಲ್ಪಾನೇ ಹಾಕಿದೀನಿ."

"ಸ್ವಲ್ಪಾನೇ." ಅವಳು ಆ ಮಾತನ್ನು ಬಾಯಲ್ಲಿ ತಿರುಗಿಸಿ ನೋಡಿದಳು. "ನಮ್ಮಮ್ಮಾನೂ ಹಿಂಗೇ ಅನ್ನೋರು. ಸ್ವಲ್ಪಾನೇ ಪೌಡರ್ ಹಚ್ಕೊಳೇ. ಸ್ವಲ್ಪ ದಿನ ಬಿಸಿಲಿಗೆ ಹೋಗ್ಬೇಡ್ವೇ, ಗಂಡಿನ ಕಡೆಯೋರು ಬರ್ತಾರೆ. ಅವರೂ ನನ್ನ ಒಳ್ಳೇದಕ್ಕೇ ಹೇಳ್ತಿದ್ರು."

"ಹೇಮಶ್ರೀ ಅವ್ರೆ…"

"ಬೇರೆ ಯಾರು ಮಾಡಿದ್ರೂ ಜಗಳ ಆಡಿ ಕೆಲಸ ಮುಂದುವರಿಸ್ತಿದ್ದೆ. ಆದ್ರೆ ಆ ಬಣ್ಣ ನಾವಿಬ್ರೂ ಸೇರಿ ಮಾಡಿದ್ದು. ನನ್ನ ಒಂದು ಮಾತು ಕೇಳ್ಬೋದಿತ್ತು ನೀವು."

ದನಿ ಏರಿಸಲಿಲ್ಲ ಅವಳು. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಬ್ರಶ್ಶುಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಪರದೆಯ ಹೆಣ್ಣು ದೀಪ ಹಿಡಿದು ನಿಂತೇ ಇದ್ದಳು. ಹಿಡಿದ ಕೈಗಳಿಗೆ ಇನ್ನೂ ಬಣ್ಣ ಬಂದಿರಲಿಲ್ಲ.

*

ಕಡಬದಲ್ಲಿ ಆ ಮಧ್ಯಾಹ್ನ ಅವನು ಮುದ್ದೆ ಮುರಿಯದೆ ಕೂತದ್ದನ್ನು ಪುಟ್ಟತಾಯಮ್ಮ ಕಂಡರು. ಸೊಸೆ ಆಚೆ ಹೋಗುವವರೆಗೆ ಕಾದು, "ಯಾರ್ಲಾ ಅವ್ಳು?" ಎಂದರು.

"ಯಾರು?"

"ನಿನ್ ಊಟ ಕಿತ್ಕೊಂಡಿರೋಳು."

ಅವನು ಹೇಳಿದ. ಪರದೆಯ ವಿಷಯ, ಭಾನುವಾರಗಳ ವಿಷಯ. ಬಿಳಿ ಬೆರೆಸಿದ್ದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಅಮ್ಮ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿದರು. ಮಗನ ಬಾಯಲ್ಲಿ ಒಬ್ಬ ಹೆಣ್ಣಿನ ಬಗ್ಗೆ ಇಷ್ಟು ಮಾತು ಬಂದದ್ದು ಇದೇ ಮೊದಲು. ಅವರ ಮುಖ ಅರಳಿತು.

"ಬೆಳ್ಳಗವ್ಳಾ?"

ಎಲ್ಲ ತಾಯಂದಿರೂ ಕೇಳುವ ಮಾತು ಅದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಗಂಗಾಧರ್ ತಟ್ಟೆಯಿಂದ ಕಣ್ಣೆತ್ತಿ ಅಮ್ಮನನ್ನು ನೋಡಿದ. ತೋಟದ ಬಿಸಿಲು ಕುಡಿದ ಆ ಕೈಗಳು, ಒಲೆಯ ಎದುರು ಜೀವಮಾನ ಕಳೆದ ಆ ಮುಖ. ಹುಟ್ಟಿದಾಗಿನಿಂದ ನೋಡಿದ ಮುಖದಲ್ಲಿ, ಬಾಗಿಲ ಬೆಳಕು ಬಿದ್ದ ಕಡೆ, ಅದೇ ಒಳಗಿನ ಕೆಂಪಿತ್ತು. ಅವರೂ ಯಾರ ಎದುರೋ ತಲೆ ತಗ್ಗಿಸಿ ಈ ಪ್ರಶ್ನೆಯನ್ನು ದಾಟಿಕೊಂಡೇ ಈ ಮನೆಗೆ ಬಂದಿರಬೇಕು. ತಾನು ಡಬ್ಬಕ್ಕೆ ಸುರಿದದ್ದು ಏನೆಂದು ಅವನಿಗೆ ಆಗ ಪೂರ್ತಿ ತಿಳಿಯಿತು.

"ನಿನ್ ತರ ಅವ್ಳೆ ಕಣಮ್ಮ," ಎಂದ.

ಪುಟ್ಟತಾಯಮ್ಮನ ಕೈಯಲ್ಲಿದ್ದ ಕಾಯಿ ನಿಂತಿತು. ಆಮೇಲೆ ನಾಚಿಕೊಂಡ ಹುಡುಗಿಯ ಹಾಗೆ ಸೆರಗಿನಿಂದ ಮೂಗು ಒರೆಸಿ ನಕ್ಕರು.

"ಹಂಗಾದ್ರೆ ಚೆನ್ನಾಗವ್ಳೆ ಬುಡು. ಉಣ್ಣು ಮೊದ್ಲು."

ಮರುದಿನವೇ ಅವನು ರಜೆ ಹಾಕಿ ರೇವಣಸಿದ್ದಯ್ಯನವರ ಮುಂದೆ ನಿಂತ.

"ನೀವು ಹೇಳಿದ್ದನ್ನ ಮಾಡಬಾರದಿತ್ತು ಯಜಮಾನ್ರೆ, ಮಾಡ್ಬಿಟ್ಟೆ. ಆ ಮುಖಕ್ಕೆ ಬೇರೆ ಬಣ್ಣ ಬೇಡ. ಕಮಿಟಿಯವರ ಹತ್ರ ನಾನೇ ಬಂದು ಮಾತಾಡ್ತೀನಿ. ನೀವು ಒಂದು ಸಲ ನನ್ನ ಜೊತೆ ಬಂದು ಅದನ್ನ ಸುಮ್ನೆ ನೋಡಿ."

ಮುದುಕರು ಹಾಲಿಗೆ ಬಂದರು. ಪರದೆಯ ಎದುರು ಕುರ್ಚಿ ಹಾಕಿಸಿಕೊಂಡು ಕೂತರು. ಬಹಳ ಹೊತ್ತಾದ ಮೇಲೆ ತಮ್ಮ ಕೆನ್ನೆಯನ್ನು ತಾವೇ ಮುಟ್ಟಿಕೊಂಡು ಮಾತಾಡಿದರು.

"ನಾನೂ ಕಪ್ಪೇ ನೋಡಪ್ಪ. ನಾಯಕಿ ಪಾರ್ಟು ಮಾಡೋವಾಗ ಕತ್ತಿನವರೆಗೂ ಸಫೇದದ ಬಿಳಿ ಬಳಿಯೋರು. ಜನ ಚಪ್ಪಾಳೆ ಹೊಡೆಯೋರು. ಬಣ್ಣ ತೊಳ್ಕೊಂಡು ಆಚೆ ಬಂದ್ರೆ ಅದೇ ಜನ ಗುರುತು ಹಿಡೀತಿರಲಿಲ್ಲ." ಎದ್ದು ನಿಂತರು. "ಕಮಿಟಿ ಮಾತು ನನಗಿರಲಿ. ನೀವು ಹೋಗಿ ಆ ತಾಯೀನ ಕರ್ಕೊಂಡು ಬನ್ನಿ."

*

ಕುಣಿಗಲ್ಲಿನಲ್ಲಿ ಅವಳ ಮನೆ ಕುದುರೆ ಫಾರಂನ ಕಡೆ ಹೋಗುವ ರಸ್ತೆಯಲ್ಲಿತ್ತು. ತಂದೆ ಚಿಕ್ಕರಂಗಯ್ಯ ಜೀವಮಾನವೆಲ್ಲ ಅಲ್ಲಿ ಕುದುರೆಗಳ ಮೈ ತಿಕ್ಕಿದವರು. ಗಂಗಾಧರ್ ತನ್ನ ಪರಿಚಯ ಹೇಳಿಕೊಂಡ. ಅವರು ಅವನನ್ನು ಕಾಲಿನಿಂದ ತಲೆಯವರೆಗೆ, ಕುದುರೆ ನೋಡುವ ಹಾಗೆಯೇ ನೋಡಿ, "ಕೆರೆ ಏರಿ ಮೇಲವ್ಳೆ, ಹೋಗಪ್ಪ," ಎಂದರು.

ಹೇಮಶ್ರೀ ಕಲ್ಲಿನ ಮೇಲೆ ಕೂತು ನೀರು ನೋಡುತ್ತಿದ್ದಳು. ಅವನನ್ನು ಕಂಡು ಎದ್ದೇಳಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವನು ಒಂದು ಮಾರು ದೂರದಲ್ಲಿ ಕೂತ.

"ತಪ್ಪು ನಂದು," ಎಂದ. "ನಿಮ್ಮ ಪರದೆ ಉಳಿಸ್ತೀನಿ ಅಂತ ಹೋಗಿ, ಅದರಲ್ಲಿ ಉಳಿಸಬೇಕಾದ್ದನ್ನೇ ಅಳಿಸೋಕೆ ಹೋದೆ. ರೇವಣಸಿದ್ದಯ್ಯನವರು ಒಪ್ಪಿದಾರೆ. ಮುಖಕ್ಕೆ ಯಾರೂ ಕೈ ಹಚ್ಚಲ್ಲ. ನೀವು ನನ್ನ ಹತ್ರ ಮಾತಾಡದೇ ಇದ್ರೂ ಪರವಾಗಿಲ್ಲ, ಪರದೆ ಮಾತ್ರ ಮುಗಿಸಿ."

ಏರಿಯ ಮೇಲೆ ಯಾರೋ ಸೈಕಲ್ಲಿನಲ್ಲಿ ಹೋದರು. ನೀರಿನ ಮೇಲೆ ಗಾಳಿ ಬಂದು ಹೋಯಿತು.

"ಚಿಕ್ಕೋಳಿದ್ದಾಗ ಅಪ್ಪನ ಜೊತೆ ಫಾರಂಗೆ ಹೋಗ್ತಿದ್ದೆ," ಎಂದಳು ಕೊನೆಗೆ. "ಕಂದು ಅಂದ್ರೆ ಅಲ್ಲಿ ಒಂದೇ ಕಂದಲ್ಲ. ಖರ್ಜೂರದ ತರ ಒಂದು, ಬೆಲ್ಲದ ತರ ಒಂದು, ಕಾಫಿ ಬೀಜದ ತರ ಇನ್ನೊಂದು. ಕಪ್ಪು ಕುದುರೆ ಆಚೆ ಬಂದ್ರೆ ಎಲ್ರೂ ಕೆಲ್ಸ ಬಿಟ್ಟು ನಿಂತು ನೋಡೋರು. ಎಂಥಾ ಬಣ್ಣ, ಎಂಥಾ ಹೊಳಪು ಅನ್ನೋರು. ಮನೆಗೆ ಬಂದ್ರೆ ನನ್ನ ನೋಡಿ ಅಮ್ಮ ನಿಟ್ಟುಸಿರು ಬಿಡೋರು. ನಂಗೆ ಅರ್ಥಾನೇ ಆಗ್ತಿರಲಿಲ್ಲ. ಕುದುರೆಗಾದ್ರೆ ಚೆಂದ, ನಂಗ್ಯಾಕಲ್ಲ?"

ಗಂಗಾಧರ್ ಒಂದಿಷ್ಟು ಹತ್ತಿರ ಸರಿದು ಕೂತ.

"ಕೆಂಪು ನಿಂಗೆ ಒಪ್ಪಲ್ಲ ಅನ್ನೋರು, ಹಳದಿ ಹಾಕಿದ್ರೆ ಇನ್ನೂ ಕಪ್ಪಾಗಿ ಕಾಣ್ತೀಯ ಅನ್ನೋರು. ಒಂದೊಂದೇ ಬಣ್ಣ ನನ್ನಿಂದ ಕಿತ್ಕೊಂಡ್ರು. ಅದಕ್ಕೇ ಬ್ರಶ್ ಹಿಡಿದೆ ನಾನು. ಗೋಡೆ ಮೇಲೆ ಯಾವ ಬಣ್ಣ ಹಚ್ಚಿದ್ರೂ ನಿಂಗೆ ಒಪ್ಪಲ್ಲ ಅನ್ನೋರು ಇಲ್ವಲ್ಲ. ಎಲ್ಲಾನೂ ವಾಪಸ್ ಕರ್ಕೊಂಡೆ, ಒಬ್ಬೊಬ್ರನ್ನೇ. ಅವತ್ತು ಕಂದು ನಿಮಗೆ ಯಾರು ಅಂತ ಕೇಳಿದ್ರಿ. ಕಂದು ನಾನೇ. ನನ್ನನ್ನ ನಾನು ಬರೆಯೋಕೆ ಇಷ್ಟು ವರ್ಷ ಧೈರ್ಯ ಸಾಲ್ಲಿಲ್ಲ."

ಅವಳ ಕಣ್ಣು ತುಂಬಿರಲಿಲ್ಲ. ಆದರೆ ಅವನ ಕಣ್ಣು ತುಂಬಿತ್ತು. ಅದನ್ನು ಅವಳು ಗಮನಿಸಿದಳು.

"ನಮ್ಮಮ್ಮ ನಿನ್ನೆ ನಿಮ್ಮ ಬಗ್ಗೆ ಕೇಳಿದ್ರು," ಎಂದ ಅವನು. "ಬೆಳ್ಳಗವ್ಳಾ ಅಂತ."

ಅವಳ ಮುಖ ಬಿಗಿದುಕೊಂಡಿತು. "ಏನಂದ್ರಿ?"

"ನಿನ್ ತರ ಅವ್ಳೆ ಅಂದೆ. ಹಂಗಾದ್ರೆ ಚೆನ್ನಾಗವ್ಳೆ ಬುಡು ಅಂದ್ರು."

ಒಂದು ಗಳಿಗೆ ಅವಳು ಅವನನ್ನೇ ನೋಡಿದಳು. ಆಮೇಲೆ ನಗು ಬಂತು. ಮೊದಲು ತುಟಿಯ ಒಂದು ಬದಿಗೆ, ಈ ಸಲ ಅಲ್ಲಿಗೇ ನಿಲ್ಲದೆ ಇನ್ನೊಂದು ಬದಿಗೂ. ನಗುತ್ತ ನಗುತ್ತಲೇ ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ನಿಮ್ಮಮ್ಮನ್ನ ನೋಡ್ಬೇಕು ನಾನು," ಎಂದಳು. ಸ್ವಲ್ಪ ತಡೆದು, "ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ಕೋಪ ಪೂರ್ತಿ ಹೋಗಿಲ್ಲ. ನಾಳೆ ಗುಬ್ಬಿಗೆ ಬರ್ತೀನಿ, ಬಣ್ಣ ಸರಿಯಾಗಿ ಮಾಡ್ಕೊಂಡು ಬನ್ನಿ."

*

ಪರದೆಯ ಹೆಣ್ಣಿನ ಬಾಕಿ ಉಳಿದಿದ್ದ ಕೈಗಳನ್ನು ಅವಳು ಬರೆದು ಮುಗಿಸುವವರೆಗೂ ಗಂಗಾಧರ್ ಕೆಲಸ ಬಿಟ್ಟ ಕೂಡಲೇ ಗುಬ್ಬಿಯ ದಾರಿ ಹಿಡಿಯುತ್ತಿದ್ದ. ಮೊದಮೊದಲು ಅವಳು ಬಣ್ಣದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವನು ಏಣಿ ಹಿಡಿದುಕೊಂಡ, ಬ್ರಶ್ ತೊಳೆದುಕೊಟ್ಟ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ. ಒಂದು ಸಂಜೆ ಅವಳು ಬಣ್ಣದ ಬೆರಳಿನಿಂದ ಅವನ ಮೂಗಿನ ಮೇಲೆ ಒಂದು ಚುಕ್ಕೆ ಇಟ್ಟು, ದೂರ ಹೋಗಿ, ತಲೆ ವಾರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಹ್ಞೂಂ," ಎಂದಳು.

ಆ ಸಂಜೆ ತುಮಕೂರು ತಲುಪುವವರೆಗೂ ಅವನು ಮೂಗು ಒರೆಸಿಕೊಳ್ಳಲಿಲ್ಲ.

ನಾಟಕದ ಹಿಂದಿನ ದಿನ ಮಧ್ಯಾಹ್ನ ಪರದೆಯನ್ನು ರಂಗದ ಮೇಲೆ ಕಟ್ಟಿ, ಸುತ್ತಿ, ಮತ್ತೆ ಇಳಿಸಿ ನೋಡಿದರು. ಹಗ್ಗ ಸಡಿಲಿಸಿದಾಗ ಪರದೆ ಮೆಲ್ಲಗೆ ಬಿಚ್ಚಿಕೊಂಡಿತು. ಮೊದಲು ತೆಂಗು, ಆಮೇಲೆ ನೀರು, ಆಮೇಲೆ ದೀಪ, ಕೊನೆಗೆ ದೀಪ ಹಿಡಿದವಳು. ರಂಗದ ದೀಪಗಳನ್ನು ಹಚ್ಚಿದರು. ಕೆನ್ನೆಯೊಳಗಿನ ಕೆಂಪು ಉಸಿರಾಡಿದಂತಾಯಿತು. ಕಮಿಟಿಯವರು ಕೈ ಕಟ್ಟಿ ನಿಂತಿದ್ದರು. ಗೊಣಗುವವರು ಯಾರೂ ಕಾಣಲಿಲ್ಲ. ಒಬ್ಬರು ಮಾತ್ರ ತಲೆ ಅಲ್ಲಾಡಿಸಿ ಆಚೆ ನಡೆದರು.

ನಟಿಯರಿಗೆ ಹೂ ಕೊಡಲು ಬಂದಿದ್ದ ಕದರಮ್ಮ ಬುಟ್ಟಿ ಕೆಳಗಿಟ್ಟು ಪರದೆಯ ಹತ್ತಿರಕ್ಕೇ ಹೋದಳು. ಕತ್ತೆತ್ತಿ ಬಹಳ ಹೊತ್ತು ನೋಡಿದಳು.

"ಯಾರ ಮನೆ ಹೆಣ್ಮಗಳಪ್ಪ ಇದು?" ಎಂದು ರೇವಣಸಿದ್ದಯ್ಯನವರನ್ನು ಕೇಳಿದಳು. "ಎಲ್ಲೋ ನೋಡ್ದಂಗದೆ. ನಮ್ ಕಡೆಯೋಳೇ ಇರ್ಬೇಕು."

ಹೇಮಶ್ರೀ ಹಾಲಿನ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಅವಳ ಕೈ ಪಕ್ಕದಲ್ಲಿದ್ದ ಗಂಗಾಧರನ ತೋಳನ್ನು ಹುಡುಕಿ ಹಿಡಿಯಿತು. ಹಿಡಿದದ್ದು ಅವಳಿಗೇ ತಿಳಿದಿರಲಿಲ್ಲವೇನೋ. ತಿಳಿದ ಮೇಲೂ ಬಿಡಲಿಲ್ಲ.

ಇಬ್ಬರೂ ಹೊರಗೆ ಬಂದರು. ಬಿಸಿಲು ಆಗಲೇ ತಣ್ಣಗಾಗುತ್ತಿತ್ತು. ಅವನು ಬೈಕಿನ ಹತ್ತಿರ ನಿಂತ. ಹೇಳಬೇಕೆಂದುಕೊಂಡದ್ದನ್ನೆಲ್ಲ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ. ಈಗ ಬಾಯಿಂದ ಬಂದದ್ದೇ ಬೇರೆ.

"ಹೇಮಶ್ರೀ ಅವ್ರೆ, ನಂಗೆ ಚೆಂದ ಮಾತಾಡೋಕೆ ಬರಲ್ಲ. ನಿಮ್ಮ ಜೊತೆ ಇದ್ರೆ ನನಗೆ ಎಲ್ಲಾ ಸರಿಯಾಗಿ ಕಾಣತ್ತೆ. ನೀವು ಇಲ್ದೇ ಇದ್ರೂ ಕಾಣತ್ತೆ, ಆದ್ರೆ ಹೇಳ್ಕೊಳೋಕೆ ಯಾರೂ ಇರಲ್ಲ. ಮದ್ವೆ ಆಗೋಣ್ವಾ?"

ಅವಳು ಬೈಕಿನ ಸೀಟಿನ ಮೇಲಿನ ದೂಳನ್ನು ಬೆರಳಿನಿಂದ ಒರೆಸಿದಳು.

"ಪರದೆ ಬರಿಯೋಕೆ ಊರೂರು ಹೋಗ್ತೀನಿ. ತಿಂಗಳುಗಟ್ಟಲೆ ಮನೇಲಿರಲ್ಲ."

"ಗೊತ್ತು."

"ಅಡುಗೆ ಮಾಡ್ತಾ ಮಾಡ್ತಾ ಆಕಾಶ ನೋಡ್ಕೊಂಡು ನಿಂತ್ಬಿಡ್ತೀನಿ. ಸಾರು ಹೊತ್ತೋಗತ್ತೆ."

"ನಾನು ಸಾರು ಮಾಡ್ತೀನಿ. ಆಕಾಶ ನೀವು ನೋಡ್ಕೊಳಿ."

"ನನ್ನ ಒಳ್ಳೇದಕ್ಕೆ ಅಂತ ನನ್ನ ಕೇಳ್ದೆ ಇನ್ನೊಂದು ಸಲ ಏನಾದ್ರೂ ಮಾಡಿದ್ರೆ?"

"ಮಾಡಲ್ಲ," ಎಂದ. ಮತ್ತೆ ಯೋಚಿಸಿ, "ತಪ್ಪು ಮಾಡ್ತೀನೇನೋ. ಕೇಳ್ದೆ ಮಾತ್ರ ಮಾಡಲ್ಲ," ಎಂದ.

ಆ ಉತ್ತರ ಅವಳಿಗೆ ಹಿಡಿಸಿತು. ಅದು ಅವಳ ಕಣ್ಣಲ್ಲಿ ಮೊದಲು ಕಂಡಿತು, ಆಮೇಲೆ ಕೆನ್ನೆಯಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೈಕಿನ ಹಿಂದೆ ಹತ್ತಿ ಕೂತು, ಅವನ ಹೆಗಲ ಮೇಲೆ ಕೈ ಇಟ್ಟಳು.

"ಕಡಬದ ಕೆರೆ ಮೇಲೆ ಸಂಜೆ ಹೊತ್ತು ಯಾವ ಬಣ್ಣ ಬರತ್ತೆ?" ಎಂದು ಕೇಳಿದಳು.

"ನಾನು ಯಾವತ್ತೂ ಸರಿಯಾಗಿ ನೋಡೇ ಇಲ್ಲ."

"ಹಂಗಾದ್ರೆ ಬೇಗ ನಡಿ," ಎಂದಳು ಹೇಮಶ್ರೀ, ಅವನ ಕಿವಿಯ ಹತ್ತಿರ ಬಾಗಿ. "ಬೆಳಕಿರೋವಾಗ್ಲೇ ಹೋಗ್ಬೇಕು. ನಿಮ್ಮಮ್ಮಾನೂ ಬರ್ಲಿ ಕೆರೆ ಹತ್ರಕ್ಕೆ. ನೀನು ದಾರಿ ನೋಡ್ಕೊಂಡು ಓಡಿಸು, ನನ್ನನ್ನಲ್ಲ."